ಜೊತೆಯವರ ಟಿಕೆಟ್

"ಕಾರ್ಡ್ ರದ್ದು ಮಾಡ್ಲಾ ಅಮ್ಮಾ?" ಬ್ಯಾಂಕಿನ ಹುಡುಗಿ ಫೋನಿನಲ್ಲಿ ಮತ್ತೆ ಕೇಳಿದಳು. ವರ್ನಾ ಹೂಂ ಅನ್ನದೆ, ಒಂದ್ನಿಮಿಷ ಅಂದು ಫೋನನ್ನು ಎದೆಗೊತ್ತಿಕೊಂಡಳು. ವಿಮಾನ ಕಂಪನಿಯ ಆ ಕ್ರೆಡಿಟ್ ಕಾರ್ಡಿಗೆ ವರ್ಷವರ್ಷವೂ ಶುಲ್ಕ ಕೀಳುತ್ತಾರೆ. ಅದಕ್ಕೆ ಬದಲಾಗಿ ವರ್ಷಕ್ಕೊಮ್ಮೆ, ಒಬ್ಬರು ಟಿಕೆಟ್ ಕೊಂಡರೆ ಜೊತೆಯವರಿಗೆ ಹೆಚ್ಚುಕಡಿಮೆ ಪುಕ್ಕಟೆ. ಜೊತೆಗೆ ಬರುತ್ತಿದ್ದ ಗಂಡ ಎಲ್ಮರ್ ಕಳೆದ ಚಳಿಗಾಲದಲ್ಲೇ ತಮ್ಮ ದ್ವೀಪದೂರು ಸಿಟ್ಕಾದ ಮಣ್ಣು ಸೇರಿದ್ದ. ಒಂಟಿ ಹೆಂಗಸಿಗೆ ಜೊತೆ ಟಿಕೆಟ್ಟಂತೆ! ಬೆಂಕಿ ಬೀಳ ಇವರ ಉಪಕಾರಕ್ಕೆ!

ಎಲ್ಮರನ ತಂಗಿ ಓಪಲ್ ಅಡುಗೆಮನೆಯ ನೆಲದಲ್ಲಿ ಕೂತು, ಸಿಯಾಟಲ್‌ನಲ್ಲಿರುವ ವರ್ನಾಳ ಮೊಮ್ಮಗಳಿಗೆಂದು ಹೆಪ್ಪುಗಟ್ಟಿದ ಸಾಲ್ಮನ್ ಮೀನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ದೋಣಿ ಬಿಟ್ಟು ಬೇರೇನೂ ಹತ್ತಿದವಳಲ್ಲ ಅವಳು. ವಿಮಾನದ ಸದ್ದು ಕೇಳಿದರೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಈ ಸಲ ಒಬ್ಳೇ ಹೋಗ್ತೀಯಾ ಅತ್ತಿಗೆ?"

"ಹೋಗಲ್ಲ ಕಣೇ, ಪೆಟ್ಟಿಗೆ ಕಳಿಸಿದ್ರಾಯ್ತು. ಅವನ ಸೀಟಲ್ಲಿ ಗೊತ್ತಿಲ್ದೋರು ಕೂತಿರೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಊರವರೆಲ್ಲ ವಿಮಾನಕ್ಕೆ ಹಾಕುವ ಮೀನಿನ ಪೆಟ್ಟಿಗೆಯ ಮೇಲೆ ಹೊರಡುವವರ ಹೆಸರು ದಪ್ಪಗೆ ಬರೆಯುತ್ತಾರೆ, ನಿಲ್ದಾಣದಲ್ಲಿ ಅದಲುಬದಲಾಗದಿರಲಿ ಅಂತ. ಓಪಲ್ ಮಾರ್ಕರ್ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು 'ವರ್ನಾ' ಎಂದು ಬರೆದಳು. ಆಮೇಲೆ ಅದರ ಕೆಳಗೆ, ಎಲ್ಮರನ ಹೆಸರು ಬರುತ್ತಿದ್ದ ಜಾಗದಲ್ಲಿ, ಸೊಟ್ಟಸೊಟ್ಟಗೆ 'ಓಪಲ್' ಎಂದು ಬರೆದಳು.

"ವಿಮಾನ ಅಲ್ಲಾಡಿದ್ರೆ ನಿನ್ ಕೈ ಮುರ್ಯೋ ಹಂಗೆ ಹಿಡ್ಕೋತೀನಿ. ಆಗ ಬೈಬಾರ್ದು."

"ಬೈತೀನಿ, ಪುಕ್ಕಲಿ," ಅಂದಳು ವರ್ನಾ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಫೋನಿಗೆ ಹೇಳಿದಳು: "ಕಾರ್ಡ್ ಇರ್ಲಿ ಕಣಮ್ಮಾ. ಜೊತೆಗೊಬ್ಳು ಬರ್ತಾಳಂತೆ."