ಚಿಯೊಕೊಗೆ ಬರೆದ ಉತ್ತರ

ಕಂಪ್ಯೂಟರಿನಿಂದ ಚಿಯೊಕೊಳ ದನಿ ಸೊಲ್ಲಾಪುರದ ಟವೆಲ್ಲುಗಳನ್ನು ಜಪಾನಿಯಲ್ಲಿ ಹೊಗಳತೊಡಗಿದಾಗ ಶೈಲಶ್ರೀ ಬೆಚ್ಚಿದಳು. ಆ ಮಾತುಗಳನ್ನು ಚಿಯೊಕೊ ಆಡಿಯೇ ಇರಲಿಲ್ಲ. ಜಾಹೀರಾತಿಗೆ ದನಿ ಕೊಡುವ ಕೆಲಸ ಕೇಳಿ ಆಕೆ ಓಸಾಕಾದಿಂದ ಕಳಿಸಿದ್ದು ಎರಡು ನಿಮಿಷದ ಮಾದರಿ ಮಾತ್ರ.

"ಮಶೀನಿಗಿ ಆಕಿ ಆವಾಜ ಕಲಿಸೀವಿ," ಎಂದು ಟವೆಲ್ಲು ಕಾರ್ಖಾನೆಯ ಮಾಲೀಕ ಶಂಕರೆಪ್ಪ ನಕ್ಕ. "ಇನ್ನ ಆಕಿ ಯಾಕ ಬೇಕು? ನಿಮ್ಮ ಆವಾಜ ನಮಗ ಸರಿ ಬರಂಗಿಲ್ಲ ಅಂತ ಬರದ ಕಳಸವಾ. ಇಲ್ಲಿ ಜಪಾನಿ ಬರೂದು ನಿನಗ ಒಬ್ಬಾಕಿಗೇ."

ಅಕ್ಕಲಕೋಟದಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವಾಗ ಶೈಲಶ್ರೀ ಮೊಬೈಲ್ ನೋಡಿ ಕಲಿತ ಭಾಷೆ ಅದು. ಮಾದರಿ ಕಳಿಸಿ ಎಂದು ಹೇಳಲು ಇವಳು ಫೋನ್ ಮಾಡಿದಾಗ ಚಿಯೊಕೊ ಒಂದಿಷ್ಟೂ ನಗದೆ ಇವಳ ಉಚ್ಚಾರ ತಿದ್ದಿದ್ದಳು. ಈಗ ಅದೇ ದನಿ ಉಸಿರೂ ಎಳೆಯದೆ, ಒಂದೇ ಸಮನೆ ಟವೆಲ್ಲು ಮಾರುತ್ತಿತ್ತು. ಶೈಲಶ್ರೀ ಶಬ್ದ ನಿಲ್ಲಿಸಿ ಟೈಪು ಮಾಡತೊಡಗಿದಳು.

ಶಂಕರೆಪ್ಪ ಅವಳ ಹಿಂದೆ ಬಂದು ಬಗ್ಗಿ ನೋಡಿದ. "ಭಾಳ ಉದ್ದ ಆತಲ್ಲ. ಏನ ಬರದಿ?"

"ನಿಮ್ಮ ಆವಾಜ ಇಲ್ಲಿ ಕದ್ದಾರ ಅಂತ ಬರದೀನ್ರಿ," ಎಂದು ಶೈಲಶ್ರೀ ಕಳಿಸುವ ಗುಂಡಿ ಒತ್ತಿದಳು.