ಊರು ಒಪ್ಪಬೇಕಾದ ಗಾಯಕ

"ಬೀಗದ ಕೈ ಬುಟ್ಟಿಗೆ ಹಾಕಿ, ಮಸ್ಯೂ."

"ಇದು ನಮ್ಮನೆ ಬಾಗಿಲಿಂದು ಮದಾಂ. ಇದನ್ನೂ ಕಿತ್ಕೋತೀರಾ?"

"ಆಟ ಮುಗಿದ ಮೇಲೆ ತಾನೇ ಮನೆಗೆ ಹೋಗೋದು? ಆಗ ತಗೊಂಡು ಹೋಗಿ."

ಒಪೆರಾ ಮನೆಯ ಬಾಗಿಲಲ್ಲಿ ನಿಂತಿದ್ದ ಒಡೀಲ್ ಬುಟ್ಟಿಯನ್ನು ಇನ್ನಷ್ಟು ಮುಂದೆ ಚಾಚಿದಳು. ನಾರ್ಮಂಡಿಯ ಆ ಬಂದರಿನ ಜನಕ್ಕೆ ಟೊಳ್ಳು ಕೊಳವೆಯ ಬೀಗದ ಕೈಯೊಂದು ಸಿಕ್ಕರೆ ಮುಗಿಯಿತು. ತುಟಿಗಿಟ್ಟು ಊದಿ ಎಂಥ ಗಾಯಕನನ್ನೂ ಸಿಳ್ಳೆಯಲ್ಲೇ ಹೂತುಬಿಡುತ್ತಿದ್ದರು. ಹಾಗೆ ಮಾಡುವುದು ಅವರ ಹಕ್ಕು ಕೂಡ. ಹೊಸ ಗಾಯಕ ಮೂರು ಸಂಜೆ ಹಾಡಿ ತೋರಿಸಬೇಕು. ಮೂರನೆಯ ಸಂಜೆ ಪೊಲೀಸ್ ಕಮಿಷನರ್ ವೇದಿಕೆಗೆ ಬಂದು ಊರಿನ ಅಭಿಪ್ರಾಯ ಕೇಳುತ್ತಾರೆ. ಚಪ್ಪಾಳೆ ಗೆದ್ದರೆ ಅವನು ಏಳು ತಿಂಗಳು ಹಾಡುತ್ತಾನೆ. ಸಿಳ್ಳೆ ಗೆದ್ದರೆ ಒಂದು ತಿಂಗಳ ಸಂಬಳ ತೆಗೆದುಕೊಂಡು ತನ್ನೂರಿಗೆ ಮರಳುತ್ತಾನೆ. ಆ ವರ್ಷ ಅವನಿಗೆ ಬೇರೆಲ್ಲೂ ವೇದಿಕೆ ಸಿಗುವುದಿಲ್ಲ. ಊರು ಒಪ್ಪಿದವನನ್ನು ನಡುವೆ ಕೆಲಸದಿಂದ ಬಿಡಿಸಲು ನಿರ್ದೇಶಕನಿಗೂ ಅಧಿಕಾರವಿಲ್ಲ.

ಈ ವರ್ಷ ಇಬ್ಬರು ಹಾಗೆ ಮರಳಿ ಆಗಿತ್ತು. ಇವತ್ತು ಮೂರನೆಯವನಾದ ಲುಸಿಯೆನ್ ಕಾಸ್ತೇರಾನ ಕೊನೆಯ ಸಂಜೆ. ಇವನೂ ಬಿದ್ದರೆ ಸೋಮವಾರವೇ ಒಪೆರಾ ಮನೆಯ ಆಡಳಿತ ಪ್ರತಿಸ್ಪರ್ಧಿ ಡ್ಯುಕ್ರೋನ ಪಾಲು. ನಗರಸಭೆಯ ಪತ್ರ ಆಗಲೇ ಬಂದಿತ್ತು.

ಒಡೀಲಳ ಗಂಡ ಆರ್ಸೇನ್ ಈ ಮನೆಯ ನಿರ್ದೇಶಕ. ಹದಿನಾರಕ್ಕೆ ಅಟ್ಟದ ಮೇಲೆ ನಿಂತು, ಸಿಳ್ಳೆಯ ಸನ್ನೆಯಲ್ಲೇ ಮಾತಾಡುತ್ತ ಪರದೆ ಏರಿಸಿ ಇಳಿಸುವ ಆಳಾಗಿದ್ದವನು. ಆಮೇಲೆ ನಟರಿಗೆ ಮರೆಯಿಂದ ಮಾತು ಹೇಳಿಕೊಟ್ಟ, ಅಲೆಮಾರಿ ಮಂಡಳಿಯಲ್ಲಿ ಮುದುಕರ ಪಾತ್ರ ಮಾಡಿದ, ಐದು ಸಣ್ಣ ಊರುಗಳ ನಾಟಕಶಾಲೆ ನಡೆಸಿದ. ಐವತ್ತೊಂದಕ್ಕೆ ಇಲ್ಲಿಗೆ ಬಂದು ಮುಟ್ಟಿದ್ದ. ಅಷ್ಟೂ ಒಂದು ಸಂಜೆಯಲ್ಲಿ ನೀರುಪಾಲಾಗುವುದನ್ನು ನೋಡಿಕೊಂಡಿರಲು ಒಡೀಲ್ ಸಿದ್ಧಳಿರಲಿಲ್ಲ.

ಆರ್ಸೇನ್ ಮಾತ್ರ ವಾರದಿಂದ ಸರಿಯಿಲ್ಲ. ಸೂಪು ಆರಿ ತಣ್ಣಗಾದರೂ ಮುಟ್ಟುವುದಿಲ್ಲ. ಎರಡು ಸಲ ವೈದ್ಯರ ಮನೆಯಿಂದ ಹೊರಬರುವುದನ್ನು ಅವಳೇ ಕಂಡಿದ್ದಳು. ಕೇಳಿದರೆ, ನನಗೇನೂ ಆಗಿಲ್ಲ ಎಂದಿದ್ದ.

ಪರದೆ ಏಳುವ ಮುಂಚೆ ಅವನು ಕಾಸ್ತೇರಾನ ಕೋಣೆಯಿಂದ ಹೊರಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಂದ?"

"ಹಾಡೇ ಹಾಡ್ತಾನಂತೆ. ಯಾರ ಮಾತೂ ಕೇಳೋ ಪೈಕಿ ಅಲ್ಲ ಅವನು."

"ಮತ್ತೆ ಒಳ್ಳೇದೇ ಆಯ್ತಲ್ರೀ. ಅದಕ್ಕ್ಯಾಕೆ ಸತ್ತೋರ ಮನೆ ಮುಖ?"

"ನೀನು ಡ್ಯುಕ್ರೋ ಕಡೆಯವರನ್ನ ನೋಡ್ಕೋ. ಉಳಿದಿದ್ದು ನನಗೆ ಬಿಡು."

ಡ್ಯುಕ್ರೋನ ಭಾವಮೈದ, ಚರ್ಮದ ವ್ಯಾಪಾರಿ, ಮೂರನೆಯ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಒಡೀಲ್ ಅವನ ಪಕ್ಕಕ್ಕೇ ದಪ್ಪನೆಯ ಅಗ್ನಿಶಾಮಕದವನನ್ನು ಕೂರಿಸಿದಳು.

ಮೊದಲ ಅಂಕ ಸುಸೂತ್ರವಾಗಿ ದಾಟಿತು. ಎರಡನೆಯದರಲ್ಲಿ ಎತ್ತರದ ಸ್ವರವೊಂದು ಗಂಟಲಲ್ಲೇ ಸಿಕ್ಕಿಕೊಂಡಿತು. ಸಭೆ ಗೊಣಗಿತು. ಚರ್ಮದ ವ್ಯಾಪಾರಿಯ ಕೈ ಕೋಟಿನೊಳಗೆ ಹೋಯಿತು. ಅಗ್ನಿಶಾಮಕದವನು ಗಬಕ್ಕನೆ ಹಿಡಿದ.

"ನಶ್ಯದ ಡಬ್ಬಿ ಮಾರಾಯ. ಸೀನೋದಕ್ಕೂ ನಗರಸಭೆ ಅಪ್ಪಣೆ ಬೇಕೇನು?" ಎಂದು ವ್ಯಾಪಾರಿ ಕೈ ಕೊಡವಿಕೊಂಡ.

ವಿರಾಮದಲ್ಲಿ ಕಾಸ್ತೇರಾ ಹೊರಗೆ ಬರಲಿಲ್ಲ. ಗಾಯಕರಿಗೆ ಉಡುಪು ತೊಡಿಸುವ ಹೆಂಗಸು ಬಟ್ಟೆ ಮುಚ್ಚಿದ ಬೋಗುಣಿಯೊಂದನ್ನು ಹಿಡಿದು ಅವನ ಕೋಣೆಯಿಂದ ಸರಸರನೆ ಹೋದಳು. ಅದೇನೆಂದು ಕೇಳಲು ಒಡೀಲಳಿಗೆ ಪುರಸೊತ್ತಿರಲಿಲ್ಲ. ಅವಳು ಗಂಡನನ್ನು ಹುಡುಕುತ್ತಿದ್ದಳು. ನಿರ್ದೇಶಕರ ಆಸನ ಖಾಲಿಯಾಗಿತ್ತು.

ಮೂರನೆಯ ಅಂಕದಲ್ಲಿ ಕಾಸ್ತೇರಾ ಮೈಮೇಲೆ ದೇವರು ಬಂದವನಂತೆ ಹಾಡಿದ. ಗೊಣಗಿದ ಬಾಯಿಗಳೇ ತೆರೆದುಕೊಂಡು ಕೂತವು. ಪರದೆ ಬಿದ್ದು ಮತ್ತೆ ಎದ್ದಿತು. ಕಂಬಕ್ಕೆ ಒರಗಿ ನಿಂತ ಕಾಸ್ತೇರಾ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಿದ್ದ. ಕಮಿಷನರ್ ಮುಂದೆ ಬಂದರು.

"ಮಹನೀಯರೇ, ಈ ಗಾಯಕ ನಿಮಗೆ ಒಪ್ಪಿಗೆಯೋ?"

ಚಪ್ಪಾಳೆ ಒಂದು ಮೂಲೆಯಲ್ಲಿ ಹುಟ್ಟಿ ಹಬ್ಬತೊಡಗಿತು. ಗೆದ್ದೆವು ಎಂದುಕೊಂಡಳು ಒಡೀಲ್. ಕಣ್ಣು ತುಂಬಿ ಬಂತು.

ಆಗ ಸಿಳ್ಳೆ ಬಿತ್ತು.

ಎಲ್ಲಕ್ಕಿಂತ ಮೇಲಿನ ಅಗ್ಗದ ಅಂತಸ್ತಿನಿಂದ, ಉದ್ದಕ್ಕೆ, ಕಿವಿ ಸೀಳುವಂತೆ. ಬೀಗದ ಕೈಯದಲ್ಲ, ಬೆರಳಿನದು. ಚಪ್ಪಾಳೆ ಅನುಮಾನಿಸಿತು. ಇನ್ನೊಂದು ಬಿತ್ತು. ಒಂದು ನರಿ ಊಳಿಟ್ಟರೆ ಉಳಿದವು ಸುಮ್ಮನಿರುತ್ತವೆಯೇ? ಎರಡನೆಯ ಅಂಕದ ಒಡಕು ಸ್ವರ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಅಂತಸ್ತಿನಿಂದ ಅಂತಸ್ತಿಗೆ ಸಿಳ್ಳೆ ಇಳಿಯಿತು. ಚರ್ಮದ ವ್ಯಾಪಾರಿ ಮಾತ್ರ ಕೈಕಟ್ಟಿ, ಇದೇನಪ್ಪ ಎಂಬಂತೆ ಮೇಲೆ ನೋಡುತ್ತಿದ್ದ.

ಒಡೀಲ್ ಲಂಗ ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ನಿನ್ನ ವಂಶ ಹಾಳಾಗ, ನಿನ್ನ ನಾಲಿಗೆ ಸೇದಿಹೋಗ ಎಂದು ಪ್ರತಿ ಮೆಟ್ಟಿಲಿಗೂ ಶಪಿಸಿದಳು. ಕೊನೆಯ ಕಂಬದ ಹಿಂದೆ, ಕತ್ತಲಲ್ಲಿ, ಒಬ್ಬ ಬೆನ್ನು ಮಾಡಿ ನಿಂತಿದ್ದ. ಅವಳು ಅವನ ಕೊರಳಪಟ್ಟಿ ಹಿಡಿದು ತಿರುಗಿಸಿದಳು.

ಆರ್ಸೇನ್ ಬಾಯಿಂದ ಬೆರಳು ತೆಗೆದ. ಗಲ್ಲವೆಲ್ಲ ಒದ್ದೆಯಾಗಿತ್ತು.

"ಇನ್ನು ಒಂದು ತಿಂಗಳು ಹಾಡಿದ್ರೆ ರಕ್ತ ಕಾರಿ ಸಾಯ್ತಾನೆ ಅಂದ್ರು ಕಣೆ ಡಾಕ್ಟ್ರು. ಅವರು ಹೇಳಿದ್ರೂ ಕೇಳಲ್ಲ, ನಾನು ಕಾಲು ಹಿಡಿದ್ರೂ ಕೇಳಲ್ಲ. ಊರು ಬೇಡ ಅಂದ್ರೆ ಮಾತ್ರ ಬದುಕ್ತಾನೆ."