ಎಂಟು ನಲವತ್ತರ ಸರದಿ

ಆ ಬೀದಿಯಲ್ಲಿ ವಾಹನ ಹೊರತೆಗೆಯಲು ಮನೆಯೊಂದಕ್ಕೆ ದಿನಕ್ಕೆ ಆರೇ ನಿಮಿಷ. ಒಮ್ಮೆ ತಪ್ಪಿದರೆ ಆ ಸರದಿ ಹೊಸ ಅಪಾರ್ಟ್‌ಮೆಂಟಿನವರ ಪಾಲು. ಎಂಟು ನಲವತ್ತಕ್ಕೆ ಸುಕನ್ಯಳ ಮನೆಯ ಗೇಟಿನ ಹಸಿರು ದೀಪ ಹತ್ತಿತು. ತೀರಿಕೊಂಡ ಗಂಡನ ಸ್ಕೂಟರನ್ನು ಅವಳು ಎಂದಿನಂತೆ ತಳ್ಳುತ್ತಾ ಹೊರಟಳು. ಓಡಿಸಲು ಅವಳಿಗೆ ಬಾರದು; ಸರದಿ ಕೈತಪ್ಪಬಾರದು, ಅಷ್ಟೇ.

“ಬಿಡಬೇಡಮ್ಮ, ಮುನ್ನೂರು ಮನೆಯೋರು ಬಾಯಿ ತಕ್ಕೊಂಡು ಕೂತವ್ರೆ!” ಪಕ್ಕದ ಮನೆಯ ಚಿಕ್ಕೀರಪ್ಪ ಕೂಗಿದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಂಗಸೊಬ್ಬಳು ಯೂನಿಫಾರ್ಮ್ ತೊಟ್ಟ ಮಗಳೊಂದಿಗೆ ನಿಂತಿದ್ದಳು.

“ನಿಮ್ಮ ಸರದಿ ಎಷ್ಟೊತ್ತಿಗೆ?” ಸುಕನ್ಯ ಕೇಳಿದಳು.

“ಮಧ್ಯಾಹ್ನ ಮೂರಕ್ಕೆ, ಅಕ್ಕಾ. ಸ್ಕೂಲು ಬಿಡೋ ಹೊತ್ತಿಗೆ ಸೇರಿಸ್ತೀನಿ.”

ಸುಕನ್ಯ ಸ್ಕೂಟರಿನ ಕೀ ಅವಳ ಕೈಗೆ ಕೊಟ್ಟಳು. “ಇನ್ನೂ ನಾಲ್ಕು ನಿಮಿಷ ಇದೆ. ನಾಳೆಯಿಂದ ಮನೆಗೇ ಬಂದು ತಗೊಂಡು ಹೋಗಿ.”

ಗಂಡ ಹೋದ ಎಂಟು ತಿಂಗಳಲ್ಲಿ ಮೊದಲ ಸಲ ಆ ಸ್ಕೂಟರು ಸದ್ದು ಮಾಡಿತು. ಚಿಕ್ಕೀರಪ್ಪ ಏನೋ ಕೂಗುತ್ತಲೇ ಇದ್ದರು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸುಕನ್ಯ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದಳು.